ವೆಲ್ಮಾ ಆಂಟಿಯ ಆಗಸ್ಟ್ ಒಂದು

ಶುಂಠಿ, ಲವಂಗ ಹಾಕಿ ಕೆಂಪು ಪುಂಡಿ ಹೂವನ್ನು ಕುದಿಸಿದಾಗ ಏಳುವ ಆ ಹುಳಿ ವಾಸನೆ ಎಲ್ಲಿಯಾದರೂ ಮೂಗಿಗೆ ಬಿದ್ದರೆ ಸಾಕು, ನಾನು ಅಮೆರಿಕದ ವಾರೆನ್ ಊರಿನ ನಮ್ಮ ಹಳೆಯ ಬೀದಿಯಲ್ಲಿರುತ್ತೇನೆ. ಪಕ್ಕದ ಮನೆಯಲ್ಲಿ ಜಮೈಕಾದ ವೆಲ್ಮಾ ಆಂಟಿ ಮತ್ತು ಅವರ ಗಂಡ ಡೆಸ್ಮಂಡ್ ಅಂಕಲ್ ಇದ್ದರು. ಅಪ್ಪ, ಅಮ್ಮ ಕೆಲಸದಿಂದ ಬರುವವರೆಗೆ ನನ್ನನ್ನು ನೋಡಿಕೊಳ್ಳುತ್ತಿದ್ದವರು ಆಂಟಿಯೇ. ಆ ಹೂವಿನಿಂದ ಅವರು ಮಾಡಿಕೊಟ್ಟ ಕೆಂಪು ಪಾನಕವನ್ನು ಮೊದಲ ಸಲ ಕುಡಿದಾಗ ಧಾರವಾಡದ ನನ್ನಮ್ಮ, "ಅಯ್ಯ, ಇದು ನಮ್ಮ ಪುಂಡೀನ ಅದ!" ಎಂದು ಮಗುವಿನಂತೆ ನಕ್ಕಿದ್ದಳು. ಬಾಗಿಲು ತಟ್ಟದೆ ಒಳಗೆ ಹೋಗಬಹುದಾದಂಥ ಒಂದು ಮನೆ ನಿಮ್ಮ ಬಾಲ್ಯದಲ್ಲೂ ಇದ್ದಿರಬೇಕು.

ಆಗಸ್ಟ್ ಒಂದು ಅವರ ದೇಶದಲ್ಲಿ ರಜೆ, ಗುಲಾಮಗಿರಿ ಕೊನೆಗೊಂಡ ದಿನ. ಆ ಬೆಳಿಗ್ಗೆ ಗಂಡಹೆಂಡತಿ ಬಿಳಿ ಬಟ್ಟೆ ತೊಟ್ಟು ಹಿತ್ತಿಲಲ್ಲಿ ನಿಂತು, ನೆಲಕ್ಕೆ ನೀರು ಬಿಡುತ್ತ ಹಿರಿಯರ ಹೆಸರು ಹೇಳುತ್ತಿದ್ದರು. ಕೊನೆಯದು ಫೀಬಿ. ಬಿಡುಗಡೆಯಾದ ದಿನ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವಳು ಕಬ್ಬಿನ ತೋಟದ ಗೇಟಿನ ಬಳಿ ಸಂಜೆಯವರೆಗೂ ನಿಂತೇ ಇದ್ದಳಂತೆ. ಅವಳಿಗಿಂತ ಹಿಂದಿನವರು ಯಾರು ಎಂದು ಕೇಳಿದ್ದೆ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ ಎಂದಿದ್ದರು ಆಂಟಿ.

ನನಗೆ ಹತ್ತು ತುಂಬಿದ ವರ್ಷ ಆ ಹೆಸರುಗಳನ್ನು ನಾನೇ ಹೇಳಬೇಕೆಂದು ಆಂಟಿ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆದರೆ ಆ ಬೇಸಿಗೆಯಲ್ಲಿ ದೊಡ್ಡವರೆಲ್ಲ ಪಿಸುಮಾತಿನಲ್ಲೇ ಮಾತನಾಡುತ್ತಿದ್ದರು. ಅಂಕಲ್‌ನ ವೀಸಾ ಮುಗಿದು ವರ್ಷಗಳಾಗಿತ್ತಂತೆ. ಮೂರು ದಿನದಿಂದ ಎದುರುಗಡೆ ಒಂದು ಕಪ್ಪು ವ್ಯಾನ್ ನಿಂತಿತ್ತು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಕೆಯಲ್ಲೂ ಅದರ ಗಾಜು ಕೆಳಗಿಳಿಯುತ್ತಿರಲಿಲ್ಲ. ಒಂದನೇ ತಾರೀಖು ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಪ್ಪ ಅಡ್ಡ ಬಂದರು.

"ಯಾರೂ ಹೊರಗೆ ಹೋಗ್ಬೇಡಿ. ನಮ್ದೇ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ."

"ಬಟ್ ಅಪ್ಪಾ, ಐ ಪ್ರಾಮಿಸ್ಡ್ ಹರ್!"

"ಅವ್ರಿಗೊಂದು ಫೋನರ ಮಾಡ್ರೀ," ಅಮ್ಮ ಬೇಡಿಕೊಂಡಳು. "ಗಾಡಿ ಇನ್ನೂ ನಿಂತದ ಅಂತ ಹೇಳ್ರೀ."

ಅಪ್ಪ ಫೋನನ್ನು ಕೈಗೆತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಅಷ್ಟರಲ್ಲಿ ನಮ್ಮ ಬಾಗಿಲನ್ನೇ ಯಾರೋ ಬಡಿದರು. ವಲಸೆ ಇಲಾಖೆಯ ಇಬ್ಬರು ಅಧಿಕಾರಿಗಳು. ಪಕ್ಕದ ಮನೆಯ ಗಂಡಸು ಇದ್ದಾನೆಯೇ ಎಂದು ಕೇಳಿದರು. ಅಪ್ಪನ ಬಲಗೈ ಮೆಲ್ಲಗೆ ಎದ್ದು ಅವರ ಹಿತ್ತಿಲ ಕಡೆ ತೋರಿಸಿತು. ಅಡುಗೆಮನೆಯ ಕಿಟಕಿಯಿಂದ ನಾನು ನೋಡಿದೆ. ಡೆಸ್ಮಂಡ್ ಅಂಕಲ್ ಓಡಲಿಲ್ಲ. ಅಂಗಿಯ ತೋಳಿನ ಗುಂಡಿ ಹಾಕಿಕೊಂಡು ಎರಡೂ ಕೈಗಳನ್ನು ಹಿಂದಕ್ಕೆ ಕೊಟ್ಟರು. ಆಂಟಿ ಬೇಲಿಯಾಚೆಯಿಂದ ನಮ್ಮ ಬಾಗಿಲನ್ನೇ ನೋಡುತ್ತಿದ್ದರು.

ಮೂರು ವಾರದೊಳಗೆ ಅಂಕಲ್‌ನನ್ನು ಜಮೈಕಾಕ್ಕೆ ಕಳಿಸಿದರು. ತಾವೂ ಹೊರಡುವ ಹಿಂದಿನ ದಿನ ಆಂಟಿ ನಮ್ಮ ಮನೆಗೆ ಬಂದರು. ಅಮ್ಮ ಅವರನ್ನು ತಬ್ಬಿಕೊಂಡು ಅತ್ತಳು. ಅಪ್ಪನ ಮುಂದೆ ನಿಂತು ಆಂಟಿ ನಿಧಾನವಾಗಿ ಹೇಳಿದರು: ನೀವು ತೋರಿಸದಿದ್ದರೂ ಅವನು ಅವರಿಗೆ ಸಿಗುತ್ತಿದ್ದ. ಅಪ್ಪ ತಲೆ ಎತ್ತಲಿಲ್ಲ. ಆಮೇಲೆ ಆಂಟಿ ತಮ್ಮ ಬಳಿಯಿದ್ದ ನಮ್ಮ ಮನೆಯ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು. ಮಧ್ಯಾಹ್ನ ನಾನೇ ಬೀಗ ತೆಗೆದು ಒಳಗೆ ಬಂದು, ಚಿಲಕ ಹಾಕಿಕೊಂಡು, ಹೊರಗೆ ಯಾವ ಕಾರು ನಿಂತರೂ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತೆ.