ಅಂಬವ್ವನ ನಡಿಗೆ, ಅಂಬವ್ವನ ಹೊಟ್ಟೆಕಿಚ್ಚು

ಬೆಟಗೇರಿಯ ನೇಕಾರರ ಓಣಿಯಲ್ಲಿ ಅಂಬವ್ವನಷ್ಟು ಹೊಟ್ಟೆಕಿಚ್ಚಿನ ಹೆಂಗಸು ಇನ್ನೊಬ್ಬಳಿಲ್ಲ ಎಂದರೆ ಸ್ವತಃ ಅಂಬವ್ವನೇ ಹೌದೆನ್ನುತ್ತಿದ್ದಳು. ಆದರೆ ಈ ಸಲದ ಉರಿ ಸೀರೆ ಬಂಗಾರದ್ದಲ್ಲ. ಮಗ ಸುನಿಲಕುಮಾರನ ಲಿವರ್ ಕೆಟ್ಟುಹೋಗಿತ್ತು. ಮನೆಯವರಲ್ಲಿ ಯಾರಾದರೂ ತಮ್ಮ ಲಿವರಿನ ಒಂದು ಪಾಲು ಕೊಟ್ಟರೆ ಉಳಿಯುತ್ತಾನೆ, ಕೆಲವು ತಿಂಗಳು ಔಷಧಿಯ ಮೇಲೆ ತಡೆಯಬಹುದು ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು.

ರಕ್ತದ ಗುಂಪು ತಾಯಿಗೂ ಹೊಂದಿತು, ಸೊಸೆ ರೋಹಿಣಿಗೂ ಹೊಂದಿತು. ಸ್ಕ್ಯಾನ್ ಮಾಡಿದರೆ ಸೊಸೆಯ ಲಿವರ್ ಸ್ವಚ್ಛ, ಅಂಬವ್ವನದರ ತುಂಬ ಕೊಬ್ಬು; ಅಂಥದ್ದನ್ನು ಕೊಡಲು ಬರುವುದಿಲ್ಲ.

"ಇಬ್ಬರೂ ಒಂದ ಒಲಿ ಮ್ಯಾಲಿನ ರೊಟ್ಟಿ ತಿಂತೀವ್ರಿ. ನನಗಷ್ಟ ಹೆಂಗ ಕೊಬ್ಬು?" ಅಂಬವ್ವ ಜಗಳಕ್ಕೇ ನಿಂತಳು.

"ನಿಮ್ಮ ಸೊಸಿ ದಿನಾ ಅಡ್ಡಾಡತಾಳ. ನಡದ್ರ ಸ್ನಾಯು ಕೊಬ್ಬು ಉರಸ್ತಾವ. ಕುಂತಲ್ಲೇ ಕುಂತ್ರ ಅದು ಹೋಗಿ ಲಿವರಿನಾಗ ಜಮಾ ಆಗ್ತೈತಿ. ನೀವೂ ನಡೀರಿ, ಇಳಿತೈತಿ," ಎಂದರು ಡಾಕ್ಟರು.

ಮಾತು ಖರೆ. ರೋಹಿಣಿ ಆಶಾ ಕಾರ್ಯಕರ್ತೆ, ಬಸುರಿ ಬಾಣಂತಿಯರ ಮನೆ ಸುತ್ತುವವಳು. ಅಂಬವ್ವ ಮುಂಜಾನೆಯಿಂದ ಸಂಜೆಯವರೆಗೆ ರಾಟಿಯ ಮುಂದೆ ಕೂತು ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು. ನಾಳೆ ಮಗನ ಮೈಯೊಳಗೆ ಸೊಸೆಯ ಪಾಲು ಕೂತರೆ, ಹೆತ್ತವಳು ಪಡಸಾಲೆಯ ನೆಂಟಳಾಗಿ ಉಳಿಯುತ್ತಾಳೆ.

ಮರುದಿನವೇ ಸೆರಗು ಸಿಕ್ಕಿಸಿ ಹೊರಟಳು. ಆದರೆ ಕೆಲಸವಿಲ್ಲದೆ ಬರಿದೇ ನಡೆಯುವುದೆಂದರೆ ಆಕೆಗೆ ನಾಚಿಕೆ. ಅದಕ್ಕೆ ಅಕ್ಕನ ಮನೆ, ಬೀಗರ ಮನೆ, ಮೈದುನನ ಮನೆ ಎಂದು ಸುತ್ತಿದಳು. ಹೋದಲ್ಲೆಲ್ಲ ಸಕ್ಕರೆ ಸುರಿದ ಚಹಾ, ಕೆಲವೆಡೆ ಮೇಲೊಂದು ಉಂಡಿ. ಒಲ್ಲೆ ಎಂದರೆ ಬೀಗರು ವರ್ಷವಿಡೀ ಮುನಿಸಿಕೊಂಡಾರು. ತಿಂಗಳಾದ ಮೇಲೆ ನೋಡಿದರೆ ಕೊಬ್ಬು ಕೂದಲೆಳೆಯಷ್ಟೂ ಸರಿದಿರಲಿಲ್ಲ.

"ಹೋದ ಮನಿಯಾಗ ಏನ ತಗೋತೀರಿ?" ಡಾಕ್ಟರು ಕೇಳಿದರು. ಅಂಬವ್ವ ಎಲ್ಲ ಹೇಳಿದಳು. ಪಕ್ಕದಲ್ಲಿದ್ದ ರೋಹಿಣಿ ತಲೆ ತಗ್ಗಿಸಿದಳು. ನಗುತ್ತಿದ್ದಾಳೆ ಎಂದೇ ಅಂಬವ್ವ ತಿಳಿದಳು, ಹಲ್ಲು ಕಡಿದಳು.

ಆಮೇಲೆ ಗುರುತಿನವರ ಮನೆಯ ಹಾದಿಯನ್ನೇ ಬಿಟ್ಟಳು. ಚಹಾಕ್ಕೆ ಸಕ್ಕರೆ ನಿಲ್ಲಿಸಿದಳು. ಭೀಷ್ಮ ಕೆರೆಯ ದಂಡೆಯಲ್ಲಿ ಏದುಸಿರು ಬರುವಷ್ಟು ಬಿರುಸಾಗಿ ನಡೆದಳು. ಕಾಲು ಸೋತಾಗೆಲ್ಲ ಮುಂದೆ ಸೊಸೆ ಹೋಗುತ್ತಿದ್ದಾಳೆ, ಹಿಂದೆ ಹಾಕಬೇಕು ಎಂದುಕೊಳ್ಳುತ್ತಿದ್ದಳು. ದೇವರ ನೆನಪಿಗಿಂತ ಆ ಮತ್ಸರವೇ ಆಕೆಯನ್ನು ಹೆಚ್ಚು ನಡೆಸಿತು.

ಕೊನೆಯ ಸ್ಕ್ಯಾನಿನಲ್ಲಿ ಕೊಬ್ಬು ಇಳಿದಿತ್ತು. "ಈಗ ಇಬ್ಬರೂ ಕೊಡಬಹುದು. ಯಾರಂತ ನೀವ ಮಾತಾಡ್ಕೊಂಡು ಹೇಳ್ರಿ," ಎಂದರು ಡಾಕ್ಟರು.

ಗೆದ್ದೆನೆಂದು ಅಂಬವ್ವ ಹೊರಗೆ ಬಂದರೆ, ಮೊದಲೇ ಎದ್ದುಹೋಗಿದ್ದ ರೋಹಿಣಿ ಬೆಂಚಿನ ಮೇಲೆ ಅಳುತ್ತಿದ್ದಳು.

"ನಿಮ್ಮ ಕೊಬ್ಬು ಇಳೀಬಾರದು ಅಂತ ದಿನಾ ಬೇಡಿಕೊಂಡೀನ್ರಿ ಅತ್ತಿ," ಎಂದಳು. "ನಾ ಕೊಟ್ರ ಅವರು ಪೂರ್ತಿ ನನ್ನವರಾಗ್ತಾರ ಅನಿಸಿತ್ತು."

ಇಷ್ಟು ದಿನ ಅಂಬವ್ವ ತನ್ನೊಬ್ಬಳದೇ ಅಂದುಕೊಂಡಿದ್ದ ಉರಿ ಅದು. ಸೊಸೆಯ ಪಕ್ಕ ಕೂತಳು.

"ಮುಂದ ಅಂವ ನಿನ್ನವನ, ಪೂರ್ತಿ ನಿನ್ನವನ. ನಾ ಎಷ್ಟ ದಿನ ಇರತೀನಿ. ಇದೊಂದ ನನಗ ಬಿಡವ್ವ."

ರೋಹಿಣಿ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಡಾಕ್ಟರಿಗೆ ಅತ್ತೆಯ ಹೆಸರು ಹೇಳಿ ಬಂದಳು.