ಮಗಳ ಮಂಡಿ ಮತ್ತು ನನ್ನ ಇಂಟರ್‌ನೆಟ್ ಡಾಕ್ಟರಿಕೆ

ನನ್ನ ಮಗಳಿಗೆ ಬೋನ್ ಕ್ಯಾನ್ಸರ್ ಎಂದು ಪತ್ತೆ ಹಚ್ಚಿದ ಡಾಕ್ಟರು ಬೇರೆ ಯಾರೂ ಅಲ್ಲ, ನಾನೇ. ತಿರುವನಂತಪುರದ ನನ್ನ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ, ಇಂಟರ್‌ನೆಟ್ ಮುಂದೆ ಕೂತು!

ಮಗಳು ಮೇಘನಾಗೆ ಹನ್ನೆರಡು ವರ್ಷ. ಶಾಲೆಯ ವಾಲಿಬಾಲ್ ಟೀಮಿಗೆ ಆಗಷ್ಟೇ ಸೇರಿದ್ದಳು. ಹಾರಿ ಇಳಿದಾಗಲೆಲ್ಲ ಬಲ ಮಂಡಿಯ ಕೆಳಗೆ ನೋವು. ಅಲ್ಲೊಂದು ಸಣ್ಣ ಉಬ್ಬು ಬೇರೆ. ಯಾವುದಕ್ಕೂ ಇರಲಿ ಎಂದು ಮನೆ ಹತ್ತಿರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಎಂಝೈಮ್ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಎಂದು ರಿಪೋರ್ಟ್ ಬಂತು.

ನಾನು ಲೋಹದ ಬಿರುಕು ಹುಡುಕುವ ಎಂಜಿನಿಯರು. (ಎಂಝೈಮು ಪಿಯುಸಿಯಲ್ಲೇ ಕೈಬಿಟ್ಟ ಪದ.) ಆ ಹೆಸರನ್ನು ಟೈಪ್ ಮಾಡಿ, ಪಕ್ಕದಲ್ಲಿ ‘ಮೂಳೆ ನೋವು’ ಎಂದು ಸೇರಿಸಿದೆ. ಪರದೆಯ ಮೇಲೆ ಮೊದಲು ಬಂದದ್ದೇ ಬೋನ್ ಕ್ಯಾನ್ಸರ್. ಊಟದ ಡಬ್ಬಿ ತೆರೆಯಲೇ ಇಲ್ಲ.

ಹೆಂಡತಿ ಸುಧಾಗೆ ಹೇಳಬಾರದು ಅಂದುಕೊಂಡಿದ್ದೆ. ಬಾಗಿಲು ತೆಗೆದವಳೇ, “ಏನಾಯ್ತು ಹೇಳ್ರೀ, ಮುಖ ಹೀಗ್ಯಾಕಿದೆ?” ಎಂದಳು. ಹೇಳಿಬಿಟ್ಟೆ.

ಅವತ್ತಿಂದ ವಾಲಿಬಾಲ್ ಬಂದ್. ಕಾರಣ ಮಾತ್ರ ಮಗಳಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಕನ್ನಡ ಅರ್ಥವಾದರೂ ಮಲಯಾಳಂನಲ್ಲೇ ಉತ್ತರಿಸುವ ಹುಡುಗಿ, “ಎನಿಕ್ಕು ಕಳಿಕ್ಕಣಂ!” (ನಾನು ಆಡಲೇಬೇಕು) ಎಂದು ಕೂಗಿ ರೂಮಿನ ಬಾಗಿಲು ಹಾಕಿಕೊಂಡಳು.

ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಮಕ್ಕಳ ಮೂಳೆ ಡಾಕ್ಟರೊಬ್ಬರು ಇದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬೆಳಗಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ಸುಧಾ ಮಗಳ ಕೈ ಬಿಡಲಿಲ್ಲ. ಮಗಳು ಸಿಟ್ಟಿನಿಂದ ಕಿಟಕಿಯಾಚೆಯೇ ನೋಡುತ್ತಿದ್ದಳು.

ಡಾಕ್ಟರು ಅರವತ್ತು ದಾಟಿದ ಹೆಂಗಸು. ನಾನು ರಿಪೋರ್ಟ್ ಮುಂದೆ ಹಿಡಿದೆ. ಅದನ್ನು ಪಕ್ಕಕ್ಕಿಟ್ಟು, “ಮೋಳೇ, ಎಲ್ಲಿ ನೋವು? ಒಂದೇ ಬೆರಳಲ್ಲಿ ತೋರಿಸು” ಎಂದು ಮಲಯಾಳಂನಲ್ಲೇ ಕೇಳಿದರು. (ಮೋಳೇ ಎಂದರೆ ಮಗಳೇ. ಆ ಒಂದು ಪದಕ್ಕೇ ಇವಳ ಸಿಟ್ಟು ಅರ್ಧ ಇಳಿಯಿತು.) ಅಲ್ಲಿ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿದರು.

ಅವರು ಫಿಲ್ಮನ್ನು ಬೆಳಕಿಗೆ ಹಿಡಿದಾಗ ನಾನೂ ಬಗ್ಗಿ ನೋಡಿದೆ. ಮೂಳೆಯ ತುದಿಯಲ್ಲಿ ಅಡ್ಡಕ್ಕೆ ಒಂದು ಗೆರೆ!

“ಬಿರುಕಾ, ಡಾಕ್ಟರ್?”

“ಅಲ್ಲ. ಬೆಳೆಯೋ ಜಾಗ. ಅಲ್ಲಿರೋದು ಕಾರ್ಟಿಲೇಜ್, ಎಳೆಮೂಳೆ. ನಿಮ್ಮ ಕಿವಿ ಮುಟ್ಟಿ ನೋಡಿ, ಹಾಗೆ ಮೆತ್ತಗೆ ಇರುತ್ತೆ. ಅದು ಬೆಳೀತಾ ಬೆಳೀತಾ ಮೂಳೆ ಆಗುತ್ತೆ. ಹಾಗೆ ಗಟ್ಟಿ ಮಾಡೋಕೆ ಈ ಎಂಝೈಮ್ ಬೇಕು. ಬೆಳೆಯೋ ಮಕ್ಕಳ ರಕ್ತದಲ್ಲಿ ಜಾಸ್ತಿನೇ ಇರುತ್ತೆ. ಇಷ್ಟಿರಬೇಕು ಅಂತ ಲ್ಯಾಬಿನವರು ಪಕ್ಕದಲ್ಲಿ ಹಾಕಿರೋದು ದೊಡ್ಡವರ ಲೆಕ್ಕ.”

“ಹಾಗಾದರೆ ನೋವು?”

“ಹಾರಿದಾಗಲೆಲ್ಲ ತೊಡೆಯ ಸ್ನಾಯು ಮಂಡಿ ಕೆಳಗಿನ ಎಳೆಮೂಳೆನ ಎಳೆಯುತ್ತೆ. ಈ ವಯಸ್ಸಿನ ಆಟಗಾರರಲ್ಲಿ ಮಾಮೂಲು. ಕೆಲವು ವಾರ ಹಾರೋದು ಬೇಡ. ಐಸ್ ಇಡಿ, ನಾನು ಹೇಳಿಕೊಡೋ ವ್ಯಾಯಾಮ ಮಾಡಿಸಿ. ಆಮೇಲೆ ನಿಧಾನಕ್ಕೆ ಆಡಲಿ.”

ನನಗೆ ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಸುಧಾ ಕೇಳಿದಳು: “ಕ್ಯಾನ್ಸರ್ ಅಲ್ಲ ತಾನೇ?”

ಡಾಕ್ಟರು ಅವಳ ಕೈ ಮೇಲೆ ಕೈಯಿಟ್ಟರು. “ಅಲ್ಲ.”

ಸುಧಾ ಅಲ್ಲೇ ಅತ್ತಳು. ನಾನು ಎಕ್ಸ್‌ರೇ ನೋಡುವವನಂತೆ ಗೋಡೆಯ ಕಡೆ ತಿರುಗಿದೆ. ಮಗಳು ಇಬ್ಬರನ್ನೂ ದಿಟ್ಟಿಸಿದಳು. ಆಮೇಲೆ ಅಚ್ಚ ಕನ್ನಡದಲ್ಲಿ ಕೇಳಿದಳು:

“ಅಪ್ಪಾ, ನಾನು ಸತ್ತೋಗ್ತೀನಿ ಅಂದ್ಕೊಂಡಿದ್ರಾ? ನನ್ನ ಕಾಲು, ನನಗೇ ಹೇಳಬಾರದಾ?”

ಅವಳ ತಲೆ ಸವರಿದೆ. ಅವಳೂ ಸುಮ್ಮನೆ ಸವರಿಸಿಕೊಂಡಳು.

ಡಾಕ್ಟರು ಹೇಳಿದ ವಾರಗಳು ಕಳೆದು, ಈ ಶನಿವಾರ ಅವಳ ಮೊದಲ ಮ್ಯಾಚ್ ಇತ್ತು. ನೋವು ಪೂರ್ತಿ ಹೋಗಿಲ್ಲ, ಆದರೆ ತುಂಬ ಕಡಿಮೆ. ಟೀಮು ಸೋತಿತು. ಈಕೆ ಮೈಯೆಲ್ಲ ಮಣ್ಣು ಮಾಡಿಕೊಂಡು, ಗೆದ್ದವರಿಗಿಂತ ಹೆಚ್ಚು ನಗುತ್ತಾ ಬಂದಳು. ಸುಧಾಳ ಪಕ್ಕಕ್ಕೆ ನಿಂತಾಗ ನೋಡಿದೆ, ಅವರಮ್ಮನ ಕಿವಿಯವರೆಗೆ ಬಂದುಬಿಟ್ಟಿದ್ದಾಳೆ.

ಬೆಳೆಯುತ್ತಿರುವ ಮಕ್ಕಳನ್ನು ಬೆಳೆದು ನಿಂತವರ ಅಳತೆಯಲ್ಲಿ ಅಳೆಯುವುದು ಆ ಲ್ಯಾಬಿನವರು ಮಾತ್ರವೇ?