ಬೇಡ ಬೇಡ ಎಂದ ಹುರಿಹಿಟ್ಟು

ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಗ್ರೀಸು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ, ಕಪ್ಪಗೆ ಹತ್ತಿತ್ತು. ನನ್ನ ಬೀಗಿತ್ತಿ, ಅಂದರೆ ಮಗಳ ಅತ್ತೆ, ಹೆಣ್ಣು ಕೇಳಲು ರೇಷ್ಮೆ ಸೀರೆಯುಟ್ಟು ನಮ್ಮ ಕೊರಟಗೆರೆಯ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಮೊದಲು ಕಂಡದ್ದು ಆ ಗುರುತು. ನನ್ನ ಹೆಂಡತಿ ಕಿವಿಯಲ್ಲಿ, "ಇವರೇನು ಗ್ಯಾರೇಜಿಂದ ಬಂದವ್ರಾ?" ಅಂದಳು.

ಅವರು ಪಾವಗಡದ ಹಳ್ಳಿಗಳಲ್ಲಿ ಸರ್ಕಾರಿ ನರ್ಸಮ್ಮ. ಹೆರಿಗೆಗೂ ಚುಚ್ಚುಮದ್ದಿಗೂ ಸೈಕಲ್ಲಿನಲ್ಲೇ ಓಡಾಟ. ನಾನು ಅದೇ ದಾರಿಯ ಖಾಸಗಿ ಬಸ್ಸಿನ ಕಂಡಕ್ಟರ್. ಸಂಬಂಧ ಬೆಳೆಯುವ ಮೊದಲೇ ನಮ್ಮ ಬಸ್ಸು ಎಷ್ಟೋ ಸಲ ಅವರಿಗೆ ಧೂಳು ಕುಡಿಸಿತ್ತು. ಅಂದು ನನ್ನ ಮುಖ ನೋಡಿದ ಕೂಡಲೇ ಗುರುತು ಹಿಡಿದರು. "ಹಾರನ್ ಹೊಡ್ದು ನನ್ನ ಹಳ್ಳಕ್ಕಿಳಿಸ್ತಿದ್ದೋರು ನೀವೇನಾ? ದೇವುಡಾ, ಇಂಥೋರ ಮನೇಗೆ ಹೆಣ್ಣು ಕೇಳಾಕೆ ಬಂದ್ಬುಟ್ಟೆ ನೋಡು."

ಉಪಚಾರದ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ಬೀಗರು ಏನು ಕೊಟ್ಟರೂ ಮೊದಲು ಬೇಡ ಅನ್ನಬೇಕು. ಅವರು ಬಲವಂತ ಮಾಡಬೇಕು, ಆಮೇಲೆ ಒಲ್ಲದವರಂತೆ ತಿನ್ನಬೇಕು. ಮೊದಲ ಬೀಗರೂಟದಲ್ಲಿ ನಾನು ಎರಡನೇ ಮುದ್ದೆಯ ಮೇಲೆ ಕಣ್ಣಿಟ್ಟುಕೊಂಡೇ "ಬೇಡ ಬೇಡ" ಅಂದೆ. ಅವರು "ಸರಿ" ಎಂದು ಪಕ್ಕದ ಎಲೆಗೆ ಹಾಕಿ ನಡೆದರು. ಅರೆಹೊಟ್ಟೆಯಲ್ಲಿ ಊರಿಗೆ ಬಂದೆ.

ಇಬ್ಬರೂ ಕೆಲಸ ಬಿಟ್ಟ ಮೇಲಿನ ಮಾತು. ಮಧುಗಿರಿಯ ಸೈಕಲ್ ಗೆಳೆಯರ ಗುಂಪೊಂದು ನೇಪಾಳದ ಮುಸ್ತಾಂಗ್ ಬೆಟ್ಟಗಳಿಗೆ ಹೊರಟಿತು. ಬೀಗಿತ್ತಿ ಹೆಸರು ಕೊಟ್ಟರು. ಬೀಗಿತ್ತಿ ಹೋಗಿ ಬೀಗ ಮನೆಯಲ್ಲಿ ಕೂತರೆ ಮಾನ ಉಳಿದೀತೇ? ನಾನೂ ಕೊಟ್ಟೆ. ಮಧುಗಿರಿ ಬೆಟ್ಟದ ಬುಡದಿಂದ ಪಾವಗಡದವರೆಗೆ ತುಳಿದು ತುಳಿದು ಕಾಲು ಗಟ್ಟಿ ಮಾಡಿಕೊಂಡೆವು.

ಪಾವಗಡದ ಬೋಳು ಗುಡ್ಡಗಳನ್ನೇ ಯಾರೋ ಉಬ್ಬಿಸಿ ಮೋಡದ ಮೇಲಿಟ್ಟ ಹಾಗಿತ್ತು ಆ ನಾಡು. ಬೆಳಗಿನ ತಿಂಡಿ ಮುಗಿದು ಸ್ವಲ್ಪ ಹೊತ್ತಿಗೆ ಗಾಳಿ ಏಳುತ್ತಿತ್ತು. ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುವ ಗಾಳಿ. ಚಕ್ರದಡಿ ಉರುಳುಗಲ್ಲು, ಒಂದು ಪಕ್ಕ ಪಾತಾಳ. ಬೀಗಿತ್ತಿಗೆ ಮಾತ್ರ ಅದು ತವರು ಮನೆ. ಇಳಿಜಾರಿನಲ್ಲಿ ಹೇಸರಗತ್ತೆಗಳ ಸಾಲು ಎದುರಾದರೆ, "ದಾರಿ ಬುಡ್ರಪ್ಪಾ, ನರ್ಸಮ್ಮ ಬತ್ತಾವ್ಳೆ" ಎಂದು ಕೂಗಿಕೊಂಡು ನುಗ್ಗುವರು. ಅಲ್ಲಿಯ ಜನ ಹುರಿದ ಬಾರ್ಲಿ ಹಿಟ್ಟು ತಿನ್ನುತ್ತಾರೆ. ಇಳಿದುಕೊಂಡ ಮನೆಯೊಡತಿಗೆ ಬೀಗಿತ್ತಿ ತಮ್ಮ ರಾಗಿ ಹುರಿಹಿಟ್ಟು ಕೊಟ್ಟರು, ಆಕೆ ತನ್ನದು ಕೊಟ್ಟಳು. ಭಾಷೆ ಬಾರದಿದ್ದರೂ ಇಬ್ಬರೂ ತಿಂದು ತಲೆಯಾಡಿಸಿ ನಕ್ಕರು.

ಎಲ್ಲಕ್ಕಿಂತ ಎತ್ತರದ ಕಣಿವೆದಾರಿಯ ನೆತ್ತಿಗೆ ಹತ್ತುವ ದಿನ ಬೀಗಿತ್ತಿ ದಾರಿಯಲ್ಲಿ ಹುರಿಹಿಟ್ಟಿಗೆ ಬೆಲ್ಲ ಕಲಸಿ, "ತಗಳ್ಳಿ ಬೀಗರೇ" ಅಂದರು. ಹಸಿವು ಹೊಟ್ಟೆ ಕಿವುಚುತ್ತಿತ್ತು. ಆದರೂ ಅಭ್ಯಾಸಬಲ. "ಬೇಡ ಬೇಡ" ಅಂದೆ. "ಸರಿ" ಎಂದು ಡಬ್ಬಿ ಮುಚ್ಚಿ ಸೈಕಲ್ ಹತ್ತಿದರು. ಇನ್ನೊಂದು ಸಲ ಕೇಳುತ್ತಾರೆಂದು ನಾನು ಕಾಯುತ್ತಲೇ ತುಳಿದೆ. ನೆತ್ತಿ ಇನ್ನೂ ಮೇಲಿರುವಾಗಲೇ ಕಣ್ಣು ಕತ್ತಲಿಟ್ಟು ದಾರಿಯಲ್ಲೇ ಉರುಳಿದೆ.

ಎಚ್ಚರಾದಾಗ ಬೀಗಿತ್ತಿ ನನ್ನ ನಾಡಿ ಹಿಡಿದಿದ್ದರು. ಹಿಟ್ಟಿನ ಉಂಡೆ ತುಟಿಯ ಹತ್ತಿರವಿತ್ತು. ಬೀಗಿತ್ತಿಯ ಕೈತುತ್ತೇ ಎಂದು ನಾನು ಮುಖ ತಿರುಗಿಸಿದೆ. "ಬಾಯಿ ತೆಗೀರಿ. ಇಲ್ಲಿ ಬೀಗನೂ ಇಲ್ಲ, ಬೀಗಿತ್ತೀನೂ ಇಲ್ಲ. ನೀವು ಪೇಷೆಂಟು, ನಾನು ನರ್ಸಮ್ಮ" ಅಂದರು. ತೆಗೆದೆ. ಆಮೇಲೆ ಊರಿಂದ ತಂದಿದ್ದ ಹಳೇ ಟ್ಯೂಬಿನ ಒಂದು ತುದಿಯನ್ನು ತಮ್ಮ ಸೀಟಿಗೂ ಇನ್ನೊಂದನ್ನು ನನ್ನ ಹ್ಯಾಂಡಲಿಗೂ ಕಟ್ಟಿದರು. "ಪದಂಡಿ, ಹೋಗಾನ. ಒಂದ್ಸಲ ತುಳೀರಿ, ಆಮ್ಯಾಕೆ ಇನ್ನೊಂದ್ಸಲ ತುಳೀರಿ. ಬೆಟ್ಟ ಅಂಬೋದು ಅಷ್ಟೇಯ." ಹಾಗೆ ಎಳೆದುಕೊಂಡೇ ನೆತ್ತಿ ಮುಟ್ಟಿಸಿದರು.

ಮೇಲೆ ಬಣ್ಣದ ಬಾವುಟಗಳ ಕೆಳಗೆ ಗುಂಪಿನವರು ಫೋಟೋ ತೆಗೆದರು. ನಾನು ಮುಂದೆ ನಿಂತೆ. ಬೀಗಿತ್ತಿ ಹಿಂದೆ, ಕೈಯಲ್ಲಿ ಬಿಚ್ಚಿದ ಟ್ಯೂಬು.

ಊರಿಗೆ ಬಂದು ಮಗಳಿಗೂ ಅಳಿಯನಿಗೂ ಆ ಫೋಟೋ ತೋರಿಸಿ ನಾನು ಹೇಳಿದ್ದು ಹೀಗೆ: ತಲೆ ತಿರುಗಿ ಬಿದ್ದದ್ದು ಬೀಗಿತ್ತಿ, ಎಳೆದದ್ದು ನಾನು. ಬಾಯಿಂದ ಹೊರಟ ಮೇಲೆ ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ಅವರು ನನ್ನ ಮಗಳ ಕಡೆ ತಿರುಗಿ, "ಹೂಂ ಕಣಮ್ಮ, ನಿಮ್ಮಪ್ಪ ಗಟ್ಟಿ ಆಸಾಮಿ" ಅಂದರು. ಸೊಸೆಯ ಎದುರು ಅವಳ ತಂದೆಯ ಮಾನ ಕಳೆಯಬಾರದೆಂದು.

ಆದರೆ ಅಳಿಯ ಹೆದರಿಬಿಟ್ಟ. "ಅಮ್ಮಾ, ಇನ್ನ ಸೈಕಲ್ ಸಾಕು. ಎಲ್ಲಾನ ಒಬ್ಬಳೇ ಬಿದ್ರೆ ಯಾರು ನೋಡ್ತಾರೆ?" ಎಂದು ಸೈಕಲ್ಲನ್ನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಬೀಗ ಜಡಿದ. ಬಿದ್ದದ್ದು ನಾನಲ್ಲ ಎಂದು ಬೀಗಿತ್ತಿ ಮಾತೊಂದು ಆಡಿದ್ದರೆ ಅವರಿಗೆ ಸೈಕಲ್ ಸಿಗುತ್ತಿತ್ತು. ಆಡಲಿಲ್ಲ.

ಇದು ನನಗೆ ತಿಳಿದದ್ದು ಮೊಮ್ಮಗನ ಜವಳಕ್ಕೆ ಪಾವಗಡಕ್ಕೆ ಹೋದಾಗ. ಕಿಟಕಿಯ ಹತ್ತಿರ ಸೈಕಲ್ಲಿನ ಮೇಲೆ ಮಗುವಿನ ಬಟ್ಟೆ ಒಣಹಾಕಿದ್ದರು. ಬೀಗಿತ್ತಿ ಸೆರಗು ಸಿಕ್ಕಿಸಿ ಬಡಿಸುತ್ತಿದ್ದರು. ಅವರ ಬಲಗಾಲು ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛವಾಗಿತ್ತು. ಗ್ರೀಸಿನ ಗುರುತೇ ಇರಲಿಲ್ಲ. ಕೈಲಿದ್ದ ತುತ್ತನ್ನು ಎಲೆಗೆ ಬಿಟ್ಟೆ.

ಪಂಕ್ತಿಯಲ್ಲೇ ಅಳಿಯನನ್ನು ಕರೆದೆ. "ಬಿದ್ದೋನು ನಾನು ಕಣಪ್ಪ. ಎಳ್ಕೊಂಡು ಹೋದೋರು ನಿಮ್ಮಮ್ಮ. ಬಾಯಿಗೆ ಹಿಟ್ಟಿಟ್ಟೋರೂ ಅವರೇ. ನಾನು ಸುಳ್ಳು ಹೇಳ್ಬುಟ್ಟೆ."

ಮಗಳು ತಲೆ ತಗ್ಗಿಸಿದಳು. ನನ್ನ ಹೆಂಡತಿ ಮಾತ್ರ, "ನಂಗೆ ಅವತ್ತೇ ಅನುಮಾನ ಇತ್ತು ಕಣಮ್ಮ. ಈಯಪ್ಪ ಮಾಳಿಗೆ ಮೆಟ್ಲು ಹತ್ತಿದ್ರೇ ಕೂತ್ಕತದೆ" ಅಂದಳು. ಮೊದಲು ನಕ್ಕವರು ಬೀಗಿತ್ತಿ. ಆಮೇಲೆ ಇಡೀ ಪಂಕ್ತಿ. ಅಳಿಯ ಎದ್ದು, ಕೈ ತೊಳೆದು, ಗೂಡಿನಿಂದ ಕೀಲಿ ತಂದು ತಾಯಿಯ ಮುಂದೆ ಹಿಡಿದ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಎಲೆಯ ಮುಂದೆ ಬಂದು ನಿಂತರು.

"ಇನ್ನೊಂದು ಮುದ್ದೆ ಹಾಕ್ಲಾ ಬೀಗರೇ?"

"ಹಾಕಿ" ಅಂದೆ.

ಮುಂದೆ ಕಾಲು ಸೋಲುವ ತನಕ ಅವರು ಸೈಕಲ್ ಬಿಡಲಿಲ್ಲ. ತೀರಿಕೊಂಡು ವರ್ಷವಾಗುತ್ತಾ ಬಂತು. ನೆನೆದಾಗಲೆಲ್ಲ ಕಣ್ಣಿಗೆ ಬರುವುದು ಜವಳದ ಮಾರನೇ ಬೆಳಿಗ್ಗೆ. ನಾನು ಪಾವಗಡದ ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸೀರೆ ಎತ್ತಿಕಟ್ಟಿ, ಕಾಲಿಗೆ ಹೊಸ ಗ್ರೀಸು ಮೆತ್ತಿಕೊಂಡು, ಗಂಟೆ ಬಾರಿಸುತ್ತ ನನ್ನ ಪಕ್ಕದಲ್ಲೇ ಹಾದುಹೋದರು. ಮಣ್ಣಿನ ರಸ್ತೆ. ಅವರೆಬ್ಬಿಸಿದ ಧೂಳು ನನ್ನ ಬಿಳೀ ಪಂಚೆಯ ಮೇಲೆ ಬಂದು ಕೂತಿತು. ಕೊರಟಗೆರೆ ಮುಟ್ಟುವ ತನಕ ನಾನದನ್ನು ಒದರಲಿಲ್ಲ.